ಕೋರಿ ಅಕ್ವಿನೊ ಗೆದ್ದಿದ್ದು ಬರೀ ಗಂಡನ ಸಾವಿನ ಅನುಕಂಪದಿಂದಲಾ?

ಮಂಡ್ಯ_ಟು_ಮನಿಲಾ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಮನಿಲಾಗೆ ಬಂದು ಎರಡು ತಿಂಗಳಾಯಿತು. ಇಳಿದ ದಿನದಿಂದ ಒಂದೇ ಮನೆತನ ನನ್ನ ಬೆನ್ನು ಹತ್ತಿದ ಹಾಗಿದೆ. ವಿಮಾನ ನಿಲ್ದಾಣದ ಹೆಸರು ನಿನೊಯ್ ಅಕ್ವಿನೊ. ಆಫೀಸಿಗೆ ನಡೆದು ಹೋಗುವ ದಾರಿಯಲ್ಲಿ, ಅಯಾಲಾ ಅವೆನ್ಯೂ ಮೂಲೆಯಲ್ಲಿ, ಅದೇ ಮನುಷ್ಯನ ಪ್ರತಿಮೆ, ಜೊತೆಗೊಂದು ಪಾರಿವಾಳ. ಜೇಬಿನಲ್ಲಿರುವ 500 ಪೆಸೊ ನೋಟಿನ ಮೇಲೆ ಅವರೂ ಅವರ ಹೆಂಡತಿ ಕೊರಾಜೋನ್ (ಕೋರಿ) ಅಕ್ವಿನೊ ಕೂಡ ಇದ್ದಾರೆ. (ಹೊಸ ಪ್ಲಾಸ್ಟಿಕ್ ನೋಟಿನಲ್ಲಿ ಇಬ್ಬರನ್ನೂ ತೆಗೆದು ಜಿಂಕೆ ಹಾಕಿದ್ದಾರೆ.)

ಮೊನ್ನೆ ಆಫೀಸಿನಲ್ಲಿ ಅರವತ್ತರ ಹತ್ತಿರದ ಒಬ್ಬ ಸಹೋದ್ಯೋಗಿಯನ್ನು ಈ ಬಗ್ಗೆ ಕೇಳಿದೆ. 1986ರಲ್ಲಿ, ಸರ್ವಾಧಿಕಾರಿ ಮಾರ್ಕೋಸ್ ವಿರುದ್ಧ ಜನ ರಸ್ತೆಗಿಳಿದಾಗ, ಅವರು ಕಾಲೇಜು ಹುಡುಗಿ. ಅಮ್ಮನ ಜೊತೆ ಎಡ್ಸಾ ರಸ್ತೆಯಲ್ಲಿ ಎರಡು ರಾತ್ರಿ ಕೂತಿದ್ದೆ ಅನ್ನುವಾಗ ಅವರ ಕಣ್ಣು ತುಂಬಿತು. ಅದೇ ಸಂಜೆ ಟ್ಯಾಕ್ಸಿ ಚಾಲಕನನ್ನು ಕೇಳಿದರೆ ಆತ ಕೈ ಕೊಡವಿಬಿಟ್ಟ. ಮಾರ್ಕೋಸ್ ಕಾಲದಲ್ಲಿ ರಸ್ತೆ, ಸೇತುವೆ, ಆಸ್ಪತ್ರೆ ಎಲ್ಲ ಆದವು, ಆ ಯಮ್ಮ ಬಂದು ಜಪಮಾಲೆ ಹಿಡಿದು ಕೂತರು, ನಮಗೆ ದಿನಕ್ಕೆ ಎಂಟು ಗಂಟೆ ಕರೆಂಟ್ ಇರಲಿಲ್ಲ ಅಂದ.

ನನಗೆ ತಲೆ ಕೆಟ್ಟಿತು. ಗೂಗಲ್ ಮಾಡಿದರೆ ಒಂದೋ ದೇವತೆ ಅಂತಾರೆ, ಇಲ್ಲವೇ ಬೈತಾರೆ. ಮನೆ ನೋಡಿಕೊಂಡಿದ್ದ ಹೆಂಗಸು ಇಪ್ಪತ್ತು ವರ್ಷದ ಸರ್ವಾಧಿಕಾರಿಯನ್ನು ಇಳಿಸಿದ್ದು ಹೇಗೆ, ಗಂಡ ಸತ್ತ ಕನಿಕರಕ್ಕೆ ಜನ ವೋಟು ಹಾಕಿದ್ದಾ, ಇಳಿಸಿದ ಮೇಲೆ ನಿಜವಾಗಿ ಏನಾದರೂ ಮಾಡಿದರಾ, ಮಾಡಿದ್ದರೆ ಅದೇ ಮಾರ್ಕೋಸ್ ಮಗ 2022ರಲ್ಲಿ ಗೆದ್ದಿದ್ದು ಯಾಕೆ? ಬಲ್ಲವರು ಹೇಳಿ.

ಹಳೇ_ರೇಡಿಯೊ ಉತ್ತರ:

ಅನುಕಂಪ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅನುಕಂಪ ಎರಡೂವರೆ ವರ್ಷ ಬಿಸಿಯಾಗಿ ಉಳಿಯುವ ಸಾರಲ್ಲ. ಗಂಡ ನಿನೊಯ್, ಮಾರ್ಕೋಸ್‌ರ ದೊಡ್ಡ ಎದುರಾಳಿ, ಕೊಲೆಯಾದದ್ದು 1983ರ ಆಗಸ್ಟ್ 21. ಚುನಾವಣೆ ನಡೆದದ್ದು 1986ರ ಫೆಬ್ರುವರಿ 7. ಅದರ ನಡುವೆ ಏನಾಯಿತು ನೋಡಬೇಕು, ಕೊಲೆಗೂ ಮುಂಚೆ ಏನಾಗಿತ್ತು ಅನ್ನುವುದನ್ನೂ.

ಅವರನ್ನು ಗೃಹಿಣಿ ಅಂತ ಕರೆದದ್ದು ಬೇರೆಯವರಲ್ಲ, ಅವರೇ. ನಿಜ, ಮನೆಯಲ್ಲಿ ಗಂಡನ ರಾಜಕೀಯದವರು ಸೇರಿದರೆ ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದವರು. ಐದು ಮಕ್ಕಳು. ಅಮೆರಿಕದಲ್ಲಿ ಫ್ರೆಂಚ್ ಮತ್ತು ಗಣಿತ ಓದಿ, ಊರಿಗೆ ಬಂದು ಕಾನೂನು ಓದಲು ಸೇರಿ, 1954ರಲ್ಲಿ ಮದುವೆಯಾದ ಮೇಲೆ ಅದನ್ನು ಬಿಟ್ಟರು. ಇಷ್ಟು ಎಲ್ಲರೂ ಬರೆಯುತ್ತಾರೆ. 1972ರ ಸೆಪ್ಟೆಂಬರ್‌ನಲ್ಲಿ ಮಾರ್ಕೋಸ್ ಮಾರ್ಷಲ್ ಲಾ (ಸೇನಾ ಬಲದ ಆಡಳಿತ) ಹೇರಿದಾಗ ಮೊದಲು ಎತ್ತಿಕೊಂಡು ಹೋದವರಲ್ಲಿ ನಿನೊಯ್ ಒಬ್ಬರು. ಏಳು ವರ್ಷ ಏಳು ತಿಂಗಳು ಜೈಲು. 1973ರಲ್ಲಿ ಕೆಲವು ವಾರ ಅವರನ್ನು ಎಲ್ಲಿಟ್ಟಿದ್ದಾರೆ ಅಂತ ಮನೆಯವರಿಗೇ ಗೊತ್ತಿರಲಿಲ್ಲ. ಅವರ ಸಾಮಾನು ಮಾತ್ರ ಮನೆಗೆ ಬಂತು. ಆ ಹೆಂಡತಿಗೆ ಆಗ ಏನನ್ನಿಸಿರಬೇಕು ಯೋಚಿಸಿ.

ಆ ಏಳು ವರ್ಷ ಗಂಡನ ಬಾಯಿ, ಕಿವಿ ಎರಡೂ ಕೋರಿಯೇ. ಭೇಟಿಗೆ ಹೋದಾಗ ಗಂಡ ಹೇಳಿದ್ದನ್ನು ನೆನಪಿಟ್ಟುಕೊಂಡು ಬಂದು ಹೊರಗಿನ ಪತ್ರಕರ್ತರಿಗೆ, ಪಕ್ಷದವರಿಗೆ ಮುಟ್ಟಿಸುತ್ತಿದ್ದರು. 1978ರಲ್ಲಿ ನಿನೊಯ್ ಜೈಲಿನಿಂದಲೇ ಚುನಾವಣೆಗೆ ನಿಂತರು. ಹೊರಗೆ ಪ್ರಚಾರ ಮಾಡಿದವರು ಹೆಂಡತಿ ಮತ್ತು ಮಕ್ಕಳು, ಕೊನೆಯವಳಿಗೆ ಆಗ ಏಳು ವರ್ಷ. ಮತದಾನದ ಹಿಂದಿನ ರಾತ್ರಿ, ಏಪ್ರಿಲ್ 6ರಂದು, ಮನಿಲಾದ ಜನ ಪಾತ್ರೆ ಬಡಿದು, ಹಾರ್ನ್ ಒತ್ತಿ, ಊರೆಲ್ಲ ಗದ್ದಲ ಎಬ್ಬಿಸಿದರು. ಒಂದು ಸೀಟೂ ಬರಲಿಲ್ಲ, ಅದು ಬೇರೆ ಮಾತು. ಆ ಗದ್ದಲ ಮಾತ್ರ ಯಾರಿಗೂ ಮರೆಯಲಿಲ್ಲ. ಇಷ್ಟೆಲ್ಲ ನೋಡಿದ ಹೆಂಗಸಿಗೆ ರಾಜಕೀಯ ಗೊತ್ತಿರಲಿಲ್ಲ ಅಂದರೆ ನಾನು ಒಪ್ಪುವುದಿಲ್ಲ.

1980ರಲ್ಲಿ ಹೃದಯದ ಆಪರೇಷನ್‌ಗೆ ಅಂತ ನಿನೊಯ್‌ರನ್ನು ಅಮೆರಿಕಕ್ಕೆ ಬಿಟ್ಟರು. ಬಾಸ್ಟನ್ ಹತ್ತಿರ ಮೂರು ವರ್ಷ ಸಂಸಾರ. ನನ್ನ ಬದುಕಿನ ಸುಖದ ವರ್ಷಗಳು ಅವೇ ಅಂತ ಕೋರಿ ಮುಂದೆ ಹೇಳುತ್ತಿದ್ದರು. ಆಮೇಲೆ ನಿನೊಯ್ ಹಟ ಹಿಡಿದು ವಾಪಸ್ ಹೊರಟರು. ಸೈನಿಕರು ವಿಮಾನದೊಳಗೆ ಬಂದು ಕರೆದುಕೊಂಡು ಇಳಿಸಿದರು, ಮೆಟ್ಟಿಲಿಳಿಯುವ ಹೊತ್ತಿಗೆ ತಲೆಗೆ ಗುಂಡು. ಈಗ ನೀವು ಇಳಿದ ನಿಲ್ದಾಣಕ್ಕೆ ಅವರ ಹೆಸರಿರುವುದು ಅದಕ್ಕೇ. ಶವಯಾತ್ರೆ ಹನ್ನೊಂದು ಗಂಟೆ ನಡೆಯಿತು. ಹತ್ತಾರು ಲಕ್ಷ ಜನ.

ಇನ್ನು ಅಭ್ಯರ್ಥಿಯಾದದ್ದು. ಮಾರ್ಕೋಸ್ ಅಮೆರಿಕದ ಟಿವಿಯಲ್ಲಿ ಕೂತು, ಬೇಕಾದರೆ ಈಗಲೇ ಚುನಾವಣೆ ಮಾಡುತ್ತೇನೆ ಅಂದುಬಿಟ್ಟರು. 1985ರ ನವೆಂಬರ್. ಗೆದ್ದೇ ಗೆಲ್ಲುತ್ತೇನೆ ಅನ್ನುವ ಭಂಡ ಧೈರ್ಯ. (ನಮ್ಮಲ್ಲಿ 1977ರಲ್ಲಿ ಇಂದಿರಾ ಗಾಂಧಿ ಚುನಾವಣೆ ಕರೆದದ್ದು ನೆನಪಾಗುತ್ತದೆ, ಅಲ್ವಾ?) ಕೋರಿ ಎರಡು ಷರತ್ತು ಹಾಕಿದ್ದರು: ಚುನಾವಣೆ ನಿಜವಾಗಿ ಘೋಷಣೆಯಾಗಬೇಕು, ಹತ್ತು ಲಕ್ಷ ಸಹಿ ತರಬೇಕು. ಹಿರಿಯ ಪತ್ರಿಕೋದ್ಯಮಿ ಚಿನೊ ರೋಸೆಸ್ ಸಹಿ ಕೂಡಿಸಿ ತಂದರು. ಡಿಸೆಂಬರ್ 2ಕ್ಕೆ ನಿನೊಯ್ ಕೊಲೆಯ ಆರೋಪಿಗಳು, ಸೇನಾ ಮುಖ್ಯಸ್ಥ ವೆರ್ ಸೇರಿ 26 ಜನ, ಖುಲಾಸೆಯಾದರು. ಮರುದಿನವೇ ಕೋರಿ ನಿಲ್ಲುತ್ತೇನೆ ಅಂದರು. ತಾನೇ ನಿಲ್ಲಬೇಕು ಅಂತ ಕೂತಿದ್ದ ಇನ್ನೊಬ್ಬ ವಿರೋಧಿ ನಾಯಕ ಲಾರೆಲ್ ಉಪಾಧ್ಯಕ್ಷ ಸ್ಥಾನಕ್ಕೆ ಒಪ್ಪಿದರು, ಆದರೆ ಟಿಕೆಟ್ ನಮ್ಮ ಪಕ್ಷದ ಹೆಸರಲ್ಲೇ ಅಂತ ಪಟ್ಟು ಹಿಡಿದರು. ಕೋರಿ ಬಿಟ್ಟುಕೊಟ್ಟರು. ಈ ಲೆಕ್ಕಾಚಾರ ಮಾಡಿದ್ದು ಅದೇ 'ಏನೂ ಗೊತ್ತಿಲ್ಲದ' ಗೃಹಿಣಿ.

ಈಕೆ ಬರೀ ಹೆಂಗಸು, ಹೆಂಗಸಿನ ಉಪದೇಶ ಮಲಗುವ ಕೋಣೆಯೊಳಗಿರಲಿ ಅಂತ ಮಾರ್ಕೋಸ್ ಹಂಗಿಸಿದರು. ಅನುಭವ ಇಲ್ಲ ಅಂದದ್ದಕ್ಕೆ ಕೋರಿ ಕೊಟ್ಟ ಉತ್ತರ ಮಜಾ ಇದೆ. ಹೌದು ನನಗೆ ಅನುಭವ ಇಲ್ಲ, ಸುಳ್ಳು ಹೇಳಿ, ಮೋಸ ಮಾಡಿ, ಕದ್ದು, ಎದುರಾಳಿಗಳನ್ನು ಕೊಂದು ನನಗೆ ಅನುಭವ ಇಲ್ಲ ಅಂದರು.

ನಾನು ಆಗ ಶಿವಮೊಗ್ಗದಲ್ಲಿ ಬ್ಯಾಂಕ್ ಗುಮಾಸ್ತ. ರಾತ್ರಿ ಶಾರ್ಟ್‌ವೇವ್ ತಿರುಗಿಸಿ ಕೇಳುತ್ತಿದ್ದೆ. ಎಣಿಕೆ ಶುರುವಾದ ಮೇಲೆ ಎರಡು ಲೆಕ್ಕ ಬರತೊಡಗಿದವು. ಸರ್ಕಾರಿ ಆಯೋಗದ್ದರಲ್ಲಿ ಮಾರ್ಕೋಸ್ ಮುಂದೆ, ಚುನಾವಣೆ ಮೇಲೆ ಕಣ್ಣಿಟ್ಟಿದ್ದ ಸ್ವಯಂಸೇವಕರ ಸಂಸ್ಥೆ ನಾಮ್‌ಫ್ರೆಲ್ ಲೆಕ್ಕದಲ್ಲಿ ಕೋರಿ ಮುಂದೆ. ಫೆಬ್ರುವರಿ 9ರ ರಾತ್ರಿ ಆಯೋಗದ ಕಂಪ್ಯೂಟರ್ ಸಿಬ್ಬಂದಿ ಮೂವತ್ತಕ್ಕೂ ಹೆಚ್ಚು ಜನ, ಬಹಳಷ್ಟು ಮಂದಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು, ನಾವು ಹಾಕುವ ಅಂಕಿಯೇ ಬೇರೆ, ಬೋರ್ಡಿನ ಮೇಲೆ ಬರುವ ಅಂಕಿಯೇ ಬೇರೆ ಅಂತ ಎದ್ದು ಹೊರಗೆ ಬಂದು ಚರ್ಚಿನಲ್ಲಿ ಆಶ್ರಯ ಪಡೆದರು. ನನ್ನ ಪ್ರಕಾರ ಮಾರ್ಕೋಸ್ ಬಿದ್ದದ್ದು ಅವತ್ತು. ಟ್ಯಾಂಕುಗಳೆಲ್ಲ ಆಮೇಲೆ ಬಂದವು. ದಿನಾ ಲೆಡ್ಜರ್ ತಾಳೆ ನೋಡುವ ಕೆಲಸದವನಿಗೆ ಆ ಹೆಣ್ಣುಮಕ್ಕಳ ಸಂಕಟ ಚೆನ್ನಾಗಿ ಅರ್ಥವಾಗಿತ್ತು.

ಉಪ್ಪಿಲ್ಲದ_ಸಾರು ಉತ್ತರ:

ಹಳೇ ರೇಡಿಯೊ ಅವರೇ, ಕಥೆ ಚೆನ್ನಾಗಿದೆ, ಆದರೆ ಅರ್ಧ ಕಥೆ. ಫೆಬ್ರುವರಿ 22ರಂದು ದಂಗೆ ಎದ್ದವರು ಯಾರು? ರಕ್ಷಣಾ ಮಂತ್ರಿ ಎನ್ರಿಲೆ ಮತ್ತು ಸೇನೆಯ ಎರಡನೇ ಮನುಷ್ಯ ರಾಮೋಸ್. ಇದೇ ಎನ್ರಿಲೆ ಮಾರ್ಷಲ್ ಲಾ ನಡೆಸಿದ ಮನುಷ್ಯ, ಇದೇ ರಾಮೋಸ್ ಕೈಕೆಳಗಿನ ಪೊಲೀಸ್ ಪಡೆ ಜನರನ್ನು ಹಿಡಿದು ಹಾಕುತ್ತಿತ್ತು. ಅವರ ಸಂಚು ಬಯಲಾಗಿ ಇನ್ನೇನು ಬಂಧನ ಆಗುತ್ತದೆ ಅಂದಾಗ ಇಬ್ಬರೂ ಸೇನಾ ಶಿಬಿರದಲ್ಲಿ ಬಾಗಿಲು ಹಾಕಿ ಕೂತರು. ಅವರನ್ನು ಉಳಿಸಲು ಮನಿಲಾದ ಆರ್ಚ್‌ಬಿಷಪ್ ಕಾರ್ಡಿನಲ್ ಸಿನ್ ಚರ್ಚಿನ ರೇಡಿಯೊ ವೆರಿತಾಸ್‌ನಲ್ಲಿ ಜನರನ್ನು ಎಡ್ಸಾ ರಸ್ತೆಗೆ ಕರೆದರು. ಆ ರಾತ್ರಿ ಕೋರಿ ಎಲ್ಲಿದ್ದರು? ಸೆಬು ದ್ವೀಪದಲ್ಲಿ, ಸನ್ಯಾಸಿನಿಯರ ಮಠದಲ್ಲಿ. ಕೊನೆಗೆ ಅಮೆರಿಕದ ಸೆನೆಟರ್ ಫೋನಿನಲ್ಲಿ 'ಹೊರಡಿ' ಅಂದ ಮೇಲೆ, ಅಮೆರಿಕದ ಹೆಲಿಕಾಪ್ಟರ್‌ನಲ್ಲೇ ಮಾರ್ಕೋಸ್ ಹೋದದ್ದು. ಸೇನೆ, ಚರ್ಚು, ಅಮೆರಿಕ ಮೂರೂ ಸೇರಿ ಮಾಡಿದ ಕೆಲಸಕ್ಕೆ ಹಳದಿ ಸೀರೆ ಉಡಿಸಿದ್ದು (ಹಳದಿ ಕೋರಿ ಕಡೆಯವರ ಬಣ್ಣ). ಸೀರೆ ಅಲ್ಲ, ಫ್ರಾಕು, ಸರಿ.

ಗೃಹಿಣಿ ಅನ್ನುವುದೂ ಅರ್ಧವೇ. ಆಕೆ ಕೊಹುವಾಂಕೊ ಮನೆತನದ ಮಗಳು. ದೇಶದ ದೊಡ್ಡ ಜಮೀನ್ದಾರರಲ್ಲಿ ಒಬ್ಬರು. ತಾರ್ಲಾಕ್ ಪ್ರಾಂತ್ಯದಲ್ಲಿ ಹಸಿಯೆಂಡಾ ಲುಯಿಸಿಟಾ ಅಂತ 6 ಸಾವಿರ ಹೆಕ್ಟೇರ್ ದಾಟಿದ ಕಬ್ಬಿನ ಎಸ್ಟೇಟ್. ನಮ್ಮ ಮನೆಯ ಗೃಹಿಣಿಗೂ ಈ ಗೃಹಿಣಿಗೂ ಸ್ವಲ್ಪ ವ್ಯತ್ಯಾಸ ಇದೆ.

ಹಳೇ_ರೇಡಿಯೊ:

ಸೆಬುನಲ್ಲಿ ಯಾಕಿದ್ದರು ಅಂತಲೂ ಹೇಳಿ ಸ್ವಾಮಿ. ವಿಹಾರಕ್ಕೆ ಹೋಗಿರಲಿಲ್ಲ. ಸಂಸತ್ತು ಮಾರ್ಕೋಸ್ ಗೆದ್ದರು ಅಂತ ಫೆಬ್ರುವರಿ 15ಕ್ಕೆ ಘೋಷಿಸಿತು. 16ಕ್ಕೆ ಲುನೆಟಾ ಮೈದಾನದಲ್ಲಿ ಭಾರಿ ಸಭೆ ಸೇರಿಸಿ ಕೋರಿ ಬಹಿಷ್ಕಾರ ಸಾರಿದರು. ಮಾರ್ಕೋಸ್ ಬಂಟರ ಬ್ಯಾಂಕಿನಿಂದ ದುಡ್ಡು ತೆಗೆಯಿರಿ, ಅವರ ಪೇಪರ್ ಓದಬೇಡಿ, ಅವರ ಬಿಯರ್ ಕುಡಿಯಬೇಡಿ. ಫಿಲಿಪೀನ್ಸಿನಲ್ಲಿ ಸ್ಯಾನ್ ಮಿಗೆಲ್ ಬಿಯರ್ ಬಿಡಿ ಅನ್ನುವುದು ಸಣ್ಣ ಮಾತಲ್ಲ. ಜನ ಬಿಟ್ಟರು. ಅದೇ ಕೆಲಸದ ಮೇಲೆ ಸೆಬುಗೆ ಹೋಗಿದ್ದರು. ಅಲ್ಲಿಂದ 23ಕ್ಕೆ ಮನಿಲಾಗೆ ವಾಪಸ್ ಬಂದರು. ಅಡಗಿ ಕೂರಲಿಲ್ಲ.

ಇನ್ನೊಂದು. 25ರ ಬೆಳಗ್ಗೆ ಪ್ರಮಾಣವಚನ ಎಲ್ಲಿ ಅನ್ನುವ ಪ್ರಶ್ನೆ ಬಂತು. ಎನ್ರಿಲೆ, ರಾಮೋಸ್ ಇದ್ದ ಶಿಬಿರದಲ್ಲೇ ಆಗಲಿ, ಅದು ಸುರಕ್ಷಿತ ಅಂತ ಕೆಲವರ ವಾದ. ಕೋರಿ ಒಲ್ಲೆ ಅಂದು ಕ್ಲಬ್ ಫಿಲಿಪಿನೊಗೆ ಹೋದರು. ಅದು ಸಿವಿಲಿಯನ್ ಜಾಗ. ಸೇನೆಯ ಅಂಗಳದಲ್ಲಿ ಪ್ರಮಾಣ ಮಾಡಿದ್ದರೆ ನೀವು ಹೇಳಿದ ಮಾತು ನಿಜವಾಗಿಬಿಡುತ್ತಿತ್ತು. ಅದೇ ದಿನ ಮಾರ್ಕೋಸ್ ಕೂಡ ಅಧ್ಯಕ್ಷರ ಅರಮನೆಯಲ್ಲಿ ಪ್ರಮಾಣ ಮಾಡಿದರು. ಒಂದೇ ದೇಶಕ್ಕೆ ಅರ್ಧ ದಿನ ಇಬ್ಬರು ಅಧ್ಯಕ್ಷರು. ರಾತ್ರಿ ಒಬ್ಬರು ಹವಾಯಿ ದಾರಿ ಹಿಡಿದರು.

ಕೋರ್ಟ್_ಹಾಲ್_6 ಉತ್ತರ:

ವಕೀಲೆ ನಾನು, ಹಾಗಾಗಿ ಫೆಬ್ರುವರಿ 25 ಅಲ್ಲ, ಮಾರ್ಚ್ 25ರ ಬಗ್ಗೆ ಹೇಳುತ್ತೇನೆ. ಯಾರೂ ಅದನ್ನು ಫೋಟೊ ಹಾಕಿ ಆಚರಿಸುವುದಿಲ್ಲ.

ಅವತ್ತು ಕೋರಿ ಒಂದು ಘೋಷಣೆ ಹೊರಡಿಸಿ ಮಾರ್ಕೋಸ್ ಕಾಲದ 1973ರ ಸಂವಿಧಾನವನ್ನು ಬದಿಗಿಟ್ಟು ತಾತ್ಕಾಲಿಕ 'ಸ್ವಾತಂತ್ರ್ಯ ಸಂವಿಧಾನ' ಜಾರಿಗೆ ತಂದರು. ಸಂಸತ್ತು ರದ್ದು. ಅಂದರೆ ಏನಾಯಿತು ನೋಡಿ. ಕಾನೂನು ಮಾಡುವುದೂ ಅವರೇ, ಜಾರಿ ಮಾಡುವುದೂ ಅವರೇ. ಪ್ರಾಂತ್ಯಗಳ ಗವರ್ನರ್‌ಗಳು, ಮೇಯರ್‌ಗಳನ್ನು ತೆಗೆದು ತಮ್ಮವರನ್ನು ಕೂರಿಸಿದರು. ಮಾರ್ಕೋಸ್‌ಗೆ ಇದ್ದಷ್ಟೇ ಅಧಿಕಾರ ಈಗ ಈ ಹೆಂಗಸಿನ ಕೈಯಲ್ಲಿ. ಲೋಕದ ಎಷ್ಟೋ ಕ್ರಾಂತಿಗಳು ಹಾಳಾಗಿರುವುದು ಇದೇ ಜಾಗದಲ್ಲಿ. ಪರಿಸ್ಥಿತಿ ಸರಿಯಾಗಲಿ, ಆಮೇಲೆ ಚುನಾವಣೆ ಅಂತ ಹೇಳಿ ಹದಿನೈದು ವರ್ಷ ಕೂತವರು ಬೇಕಾದಷ್ಟು ಇದ್ದಾರೆ. ನೆಪಗಳೂ ಇದ್ದವು: ಕಮ್ಯುನಿಸ್ಟ್ ಬಂಡಾಯ, ದಕ್ಷಿಣದಲ್ಲಿ ಮುಸ್ಲಿಂ ಪ್ರತ್ಯೇಕತಾವಾದಿಗಳು, ಖಾಲಿ ಖಜಾನೆ, 26 ಶತಕೋಟಿ ಡಾಲರ್ ಆಸುಪಾಸಿನ ವಿದೇಶಿ ಸಾಲ.

ಆಕೆ ಮಾಡಿದ್ದು, ಸುಮಾರು ಐವತ್ತು ಜನರ ಸಂವಿಧಾನ ಆಯೋಗ. ಅಧ್ಯಕ್ಷೆ ಸಿಸಿಲಿಯಾ ಮುನೋಸ್ ಪಾಲ್ಮಾ, ಅಲ್ಲಿನ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ. 1987ರ ಫೆಬ್ರುವರಿ 2ಕ್ಕೆ ಜನಮತ ಸಂಗ್ರಹ, ನಾಲ್ಕರಲ್ಲಿ ಮೂರು ಪಾಲು ಮತ ಪರವಾಗಿ ಬಿತ್ತು. ಮೇ ತಿಂಗಳಲ್ಲಿ ಚುನಾವಣೆ, ಜುಲೈ 27ಕ್ಕೆ ಕಾಂಗ್ರೆಸ್ (ಅಲ್ಲಿನ ಹೊಸ ಸಂಸತ್ತು) ಸೇರಿತು. ಅಲ್ಲಿಗೆ ಕಾನೂನು ಮಾಡುವ ಅಧಿಕಾರ ಕೈಬಿಟ್ಟಿತು. ಒಂದೂವರೆ ವರ್ಷದೊಳಗೆ ತನ್ನ ಅಧಿಕಾರವನ್ನು ತಾನೇ ಕತ್ತರಿಸಿಕೊಂಡರು.

ಆ ಸಂವಿಧಾನ ಓದಿದರೆ ಪುಟಪುಟದಲ್ಲೂ ಮಾರ್ಕೋಸ್ ಭಯ ಕಾಣುತ್ತದೆ. ಅಧ್ಯಕ್ಷರಿಗೆ ಆರು ವರ್ಷದ ಒಂದೇ ಅವಧಿ. ಮಾರ್ಷಲ್ ಲಾ ಹಾಕಿದರೆ 60 ದಿನ ಮಾತ್ರ, 48 ಗಂಟೆಯೊಳಗೆ ಕಾಂಗ್ರೆಸ್‌ಗೆ ವರದಿ ಕೊಡಬೇಕು, ಕಾಂಗ್ರೆಸ್ ಬಹುಮತದಿಂದ ರದ್ದು ಮಾಡಬಹುದು, ಯಾವ ಸಾಮಾನ್ಯ ಪ್ರಜೆಯೂ ಸುಪ್ರೀಂ ಕೋರ್ಟಿಗೆ ಹೋಗಿ ಪ್ರಶ್ನಿಸಬಹುದು. ನಮ್ಮಲ್ಲಿ ತುರ್ತು ಪರಿಸ್ಥಿತಿ ಆದ ಮೇಲೆ 44ನೇ ತಿದ್ದುಪಡಿ ತಂದೆವಲ್ಲ, ಅದೇ ಜಾತಿಯ ಕೆಲಸ. ಸುಟ್ಟ ಕೈ ಬರೆದ ಕಾನೂನು.

ಮತ್ತೆ ಅವರನ್ನು ಸುಮ್ನೆ ಬಿಡಲಿಲ್ಲ ಯಾರೂ. ಸೇನೆಯೊಳಗಿನಿಂದ ಹಲವು ದಂಗೆ ಪ್ರಯತ್ನ, ಸಾಮಾನ್ಯವಾಗಿ ಏಳು ಅಂತ ಲೆಕ್ಕ ಹಾಕುತ್ತಾರೆ. 1987ರ ಆಗಸ್ಟ್ ದಂಗೆಯಲ್ಲಿ ಅವರ ಮಗ ನೊಯ್‌ನೊಯ್‌ಗೇ ಗುಂಡೇಟು ಬಿತ್ತು, ಜೊತೆಗಿದ್ದ ಮೂವರು ಅಂಗರಕ್ಷಕರು ಸತ್ತರು. 1989ರ ಡಿಸೆಂಬರ್‌ನದಂತೂ ಗೆದ್ದೇಬಿಡುವ ಹಾಗಿತ್ತು, ಅಮೆರಿಕದ ಫ್ಯಾಂಟಮ್ ವಿಮಾನಗಳು ಮೇಲೆ ಹಾರಿ ಹೆದರಿಸಬೇಕಾಯಿತು. ಒಬ್ಬ ಅಂಕಣಕಾರ ಆಕೆ 1987ರ ದಂಗೆಯ ಹೊತ್ತಿಗೆ ಮಂಚದ ಕೆಳಗೆ ಅಡಗಿದ್ದರು ಅಂತ ಬರೆದ. ಕೋರಿ ಮಾನನಷ್ಟ ಮೊಕದ್ದಮೆ ಹಾಕಿ, ಪತ್ರಕರ್ತರನ್ನು ಕರೆದು ಮಂಚ ತೋರಿಸಿದರು, ಕೆಳಗೆ ನುಸುಳಲು ಜಾಗವೇ ಇಲ್ಲ ಅಂತ. ನನಗೆ ಈ ಮೊಕದ್ದಮೆ ಹಿಡಿಸುವುದಿಲ್ಲ. ಪತ್ರಿಕಾ ಸ್ವಾತಂತ್ರ್ಯ ವಾಪಸ್ ತಂದವರೇ ಪತ್ರಕರ್ತನನ್ನು ಕೋರ್ಟಿಗೆ ಎಳೆಯಬಾರದಿತ್ತು.

ಮಂಡ್ಯ_ಟು_ಮನಿಲಾ:

ತುಂಬಾ ಥ್ಯಾಂಕ್ಸ್. ಉಪ್ಪಿಲ್ಲದ ಸಾರು ಅವರು ಕಬ್ಬು ಅಂದ ತಕ್ಷಣ ಕಿವಿ ನೆಟ್ಟಗಾಯಿತು. ಕಳೆದ ಭಾನುವಾರ ಆ ಕಡೆ ಹೋಗಿ ಬಂದೆ, ಮನಿಲಾದಿಂದ ಉತ್ತರಕ್ಕೆ ಎರಡು ಗಂಟೆ ದಾರಿ. ಹೆದ್ದಾರಿ ಪಕ್ಕ ಒಂದು ಕಡೆ ಕಬ್ಬು, ಇನ್ನೊಂದು ಕಡೆ ಕೈಗಾರಿಕಾ ಪ್ರದೇಶ, ಗಾಲ್ಫ್ ಮೈದಾನ. ನಮ್ಮೂರಲ್ಲಿ ಎರಡು ಎಕರೆ ಕಬ್ಬಿಗೆ ನಾಲ್ಕು ಜನ ಅಣ್ಣತಮ್ಮಂದಿರು ಜಗಳ ಆಡುತ್ತೇವೆ, ಇಲ್ಲಿ ಒಂದೇ ಮನೆತನಕ್ಕೆ ಇಷ್ಟು! ಈಗಲೂ ಅದು ಅವರದೇನಾ? ಕೋರಿ ಅಧ್ಯಕ್ಷೆ ಆದಾಗ ಹಂಚಲಿಲ್ಲವಾ?

ಉಪ್ಪಿಲ್ಲದ_ಸಾರು:

ನೋವಿನ ಜಾಗ ಮುಟ್ಟಿದಿರಿ. ಆ ಎಸ್ಟೇಟನ್ನು ಕೋರಿ ತಂದೆಯ ಕಡೆಯವರು 1950ರ ದಶಕದ ಕೊನೆಯಲ್ಲಿ ಸ್ಪ್ಯಾನಿಷ್ ಕಂಪನಿಯೊಂದರಿಂದ ಕೊಂಡರು, ಸರ್ಕಾರಿ ಸಾಲದ ನೆರವಿನಿಂದ. ಹತ್ತು ವರ್ಷದಲ್ಲಿ ಸಣ್ಣ ರೈತರಿಗೆ ಹಂಚಬೇಕು ಅಂತ ಷರತ್ತು ಇತ್ತು. ಹಂಚಲಿಲ್ಲ. ಮಾರ್ಕೋಸ್ ಸರ್ಕಾರ ಕೇಸು ಹಾಕಿ 1985ರಲ್ಲಿ ಕೆಳ ಕೋರ್ಟಿನಲ್ಲಿ ಗೆದ್ದಿತು. ಮಾರ್ಕೋಸ್‌ಗೆ ರೈತರ ಮೇಲೆ ಪ್ರೀತಿ ಉಕ್ಕಿರಲಿಲ್ಲ, ಅಕ್ವಿನೊಗಳ ಮೇಲೆ ಸಿಟ್ಟು, ಅಷ್ಟೇ. ಆ ಕೇಸು 1988ರಲ್ಲಿ ಮೇಲಿನ ಕೋರ್ಟಿನಲ್ಲಿ ವಜಾ ಆಯಿತು, ಸರ್ಕಾರವೇ ಬೇಡ ಅಂದದ್ದರಿಂದ. ಆಗ ಸರ್ಕಾರ ಯಾರದು ಅಂತ ನಾನು ಹೇಳಬೇಕಿಲ್ಲ.

ಅದಕ್ಕೂ ಮುಂಚೆ, 1987ರ ಜನವರಿ 22. ಭೂಮಿ ಕೊಡಿ ಅಂತ ಸಾವಿರಾರು ರೈತರು ಅರಮನೆ ಕಡೆ ಮೆರವಣಿಗೆ ಬಂದರು. ಮೆಂಡಿಯೋಲಾ ಸೇತುವೆ ಹತ್ತಿರ ಗುಂಡು ಹಾರಿತು, ಹನ್ನೆರಡು ಹದಿಮೂರು ಜನ ಸತ್ತರು. ಎಡ್ಸಾ ನಡೆದು ವರ್ಷವೂ ತುಂಬಿರಲಿಲ್ಲ. ಮಾನವ ಹಕ್ಕು ಸಮಿತಿಯ ಮುಖ್ಯಸ್ಥ ಹೊಸೆ ಡಿಯೊಕ್ನೊ ರಾಜೀನಾಮೆ ಕೊಟ್ಟು ಹೋದರು. ನಿನೊಯ್ ಜೊತೆ ಜೈಲಿನಲ್ಲಿದ್ದವರು ಅವರು. ಅಂಥವರೇ ಬಿಟ್ಟು ಹೋದರು.

1988ರಲ್ಲಿ ಭೂ ಸುಧಾರಣೆ ಕಾನೂನು ಬಂತು. ಅದರಲ್ಲಿ ಒಂದು ಕಿಂಡಿ. ಕಂಪನಿಯ ಹೆಸರಲ್ಲಿರುವ ಜಮೀನಾದರೆ ಭೂಮಿ ಬದಲು ಷೇರು ಕೊಡಬಹುದು. ಲುಯಿಸಿಟಾದಲ್ಲಿ ಅದೇ ಆಯಿತು. ಕೂಲಿಗಳ ಕೈಗೆ ಮೂರನೇ ಒಂದು ಭಾಗದ ಷೇರು ಅಂತ ಕಾಗದ. ಷೇರು ಉಳುವುದಕ್ಕೆ ಬರುತ್ತಾ ಹೇಳಿ? 2004ರಲ್ಲಿ ಅಲ್ಲಿ ಮುಷ್ಕರ ನಡೆದು ಏಳು ಜನ ಗುಂಡಿಗೆ ಬಲಿಯಾದರು. ಕೊನೆಗೆ 2012ರಲ್ಲಿ ಸುಪ್ರೀಂ ಕೋರ್ಟು ಹಂಚಿ ಅಂತ ಅಂತಿಮ ತೀರ್ಪು ಕೊಟ್ಟಿತು, 6 ಸಾವಿರಕ್ಕೂ ಹೆಚ್ಚು ಕಾರ್ಮಿಕರಿಗೆ. ಆಗ ಅಧ್ಯಕ್ಷ ಯಾರು? ಕೋರಿ ಮಗ ನೊಯ್‌ನೊಯ್.

ನಮ್ಮಲ್ಲಿ ದೇವರಾಜ ಅರಸು 1974ರಲ್ಲಿ 'ಉಳುವವನೇ ಹೊಲದೊಡೆಯ' ತಂದರು. ಡಿಕ್ಲರೇಷನ್ ಹಾಕಿ, ಟ್ರಿಬ್ಯುನಲ್ ಮುಂದೆ ನಿಂತು ಜಮೀನು ಪಡೆದ ಗೇಣಿದಾರರ ಮನೆಯವನು ನಾನು. 1977ರಲ್ಲಿ ಉತ್ತರ ಭಾರತವೆಲ್ಲ ಇಂದಿರಾರನ್ನು ಎತ್ತಿ ಎಸೆದಾಗ ಕರ್ನಾಟಕ 28ರಲ್ಲಿ 26 ಸೀಟು ಅವರ ಕಾಂಗ್ರೆಸ್ ಪಕ್ಷಕ್ಕೇ ಕೊಟ್ಟಿತು. ನಮ್ಮಜ್ಜನನ್ನು ಕೇಳಿದ್ದರೆ ಪ್ರಜಾಪ್ರಭುತ್ವ ಅಂದರೆ ಪಹಣಿಯಲ್ಲಿ ಹೆಸರು ಅನ್ನುತ್ತಿದ್ದರು. ಆ ಟ್ಯಾಕ್ಸಿ ಚಾಲಕನ ಸಿಟ್ಟಿನ ಬೇರೂ ಅಲ್ಲೇ ಎಲ್ಲೋ ಇದೆ. ಕೋರಿಯಿಂದ ಅವನಿಗೆ ವೋಟು ಬಂತು, ಬೇರೇನೂ ಬರಲಿಲ್ಲ.

ಕೋರ್ಟ್_ಹಾಲ್_6:

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನಾನು ಹೊಗಳಿದ ಕೆಲಸವೇ ಇಲ್ಲಿ ಅವರ ವಿರುದ್ಧ ನಿಲ್ಲುತ್ತದೆ.

ಒಂದೂವರೆ ವರ್ಷ ಸಹಿ ಹಾಕಿದ್ದೇ ಕಾನೂನು ಅನ್ನುವ ಅಧಿಕಾರ ಇತ್ತು. ಆಗಲೇ ಭೂಮಿ ಹಂಚುವ ಕಾನೂನಿಗೆ ಸಹಿ ಹಾಕಬಹುದಿತ್ತು. ಕಾಂಗ್ರೆಸ್ ಸೇರುವ ಐದು ದಿನ ಮುಂಚೆ ಒಂದು ಆದೇಶ ಹೊರಡಿಸಿದರು, ಆದರೆ ಒಬ್ಬ ಮಾಲೀಕ ಎಷ್ಟು ಜಮೀನು ಇಟ್ಟುಕೊಳ್ಳಬಹುದು ಅನ್ನುವ ಮುಖ್ಯ ಮಾತನ್ನೇ ಕಾಂಗ್ರೆಸ್‌ಗೆ ಬಿಟ್ಟರು. ಅದು ಜನ ಆರಿಸಿದವರ ಕೆಲಸ ಅನ್ನುವ ತರ್ಕ. ತರ್ಕ ಸರಿಯೇ ಇದೆ. ಆದರೆ ಆರಿಸಿ ಬಂದವರಲ್ಲಿ ಜಮೀನ್ದಾರರ ಮನೆಯವರೇ ಜಾಸ್ತಿ. ಅವರು 5 ಹೆಕ್ಟೇರ್ ಮಿತಿ ಇಟ್ಟು, ಮಕ್ಕಳ ತಲೆಗೆ ಇನ್ನೂ 3 ಹೆಕ್ಟೇರ್ ಸೇರಿಸಿ, ಹತ್ತು ವರ್ಷದ ಗಡುವು ಹಾಕಿ ನೀರು ಬೆರೆಸಿದರು. ಪ್ರಜಾಪ್ರಭುತ್ವ ವಾಪಸ್ ತಂದಾಗ 1972ಕ್ಕೂ ಮುಂಚೆ ಇದ್ದ ಮನೆತನಗಳೂ ಜೊತೆಯಲ್ಲೇ ವಾಪಸ್ ಬಂದವು.

ಅರಸು ಉದಾಹರಣೆ ಕೊಟ್ಟಿರಿ. ಕಾನೂನು 1974ರದ್ದು, ಆದರೆ ಟ್ರಿಬ್ಯುನಲ್‌ಗಳು ಚುರುಕಾಗಿ ಓಡಿದ್ದರಲ್ಲಿ ತುರ್ತು ಪರಿಸ್ಥಿತಿಯ ವರ್ಷಗಳೂ ಇವೆ, ಅದನ್ನೂ ಸೇರಿಸಿ ಹೇಳಿ. ಆ ವರ್ಷಗಳಲ್ಲಿ ಬೆಂಗಳೂರು ಜೈಲಿನಲ್ಲಿ ಯಾರ‍್ಯಾರಿದ್ದರು ಅಂತ ನಿಮಗೂ ಗೊತ್ತು. ನಟಿ ಸ್ನೇಹಲತಾ ರೆಡ್ಡಿ ಜೈಲಿನಿಂದ ಬಂದು ಕೆಲವೇ ದಿನದಲ್ಲಿ ತೀರಿಕೊಂಡರು. ನಿಮ್ಮಜ್ಜನ ಪಹಣಿಯೂ ನಿಜ, ಅದೂ ನಿಜ.

ಆದರೆ ಲುಯಿಸಿಟಾ ವಿಷಯದಲ್ಲಿ ನಾನು ವಾದ ಮಾಡುವುದಿಲ್ಲ. ದೇಶದ ಕಾನೂನು ಕಾಂಗ್ರೆಸ್‌ಗೆ ಬಿಡಬೇಕಿತ್ತು, ಸರಿ. ಸ್ವಂತ ಮನೆತನದ ಜಮೀನು ಹಂಚಲು ಯಾವ ಕಾಂಗ್ರೆಸ್ ಬೇಕಿತ್ತು?

ದಾವೋ_ಎಂಬಿಬಿಎಸ್ ಉತ್ತರ:

ನಾನು ಹುಬ್ಬಳ್ಳಿಯವನು, ಇಲ್ಲಿ ಮೆಡಿಕಲ್ ಓದುತ್ತಿದ್ದೇನೆ. ದಕ್ಷಿಣ ಫಿಲಿಪೀನ್ಸಿನ ದಾವೋದಲ್ಲಿ ನಮ್ಮ ವಯಸ್ಸಿನವರಿಗೆ ಎಡ್ಸಾ ಅಂದರೆ ಟ್ರಾಫಿಕ್ ಜಾಮ್, ಅಷ್ಟೇ. ಮನಿಲಾದವರ ಕಥೆ ಅಂತಾರೆ. ಟಿಕ್‌ಟಾಕ್‌ನಲ್ಲಿ ಮಾರ್ಕೋಸ್ ಕಾಲ ಸುವರ್ಣಯುಗ ಅನ್ನುವ ವಿಡಿಯೊ ದಿನಕ್ಕೆ ಹತ್ತು ಬರುತ್ತವೆ. ನನ್ನ ಮನೆ ಮಾಲಕಿ ಹೇಳಿದ್ದು, ಹೊಟ್ಟೆಗೆ ಅಕ್ಕಿ ಯಾರ ಕಾಲದಲ್ಲಿ ಅಗ್ಗ ಇತ್ತೋ ಅವರೇ ಒಳ್ಳೆಯವರು. ಅದಕ್ಕಿಂತ ಜಾಸ್ತಿ ಜ್ಞಾನ ನನಗಿಲ್ಲ, ನಾಳೆ ಅನಾಟಮಿ ಪರೀಕ್ಷೆ.

ಹಳೇ_ರೇಡಿಯೊ:

ಪರೀಕ್ಷೆಗೆ ಓದಪ್ಪ ಮೊದಲು. ಆ ಸುವರ್ಣಯುಗದ ಕೊನೆಯ ಎರಡು ಪೂರ್ತಿ ವರ್ಷ, 1984 ಮತ್ತು 1985, ಅಲ್ಲಿನ ಆರ್ಥಿಕತೆ ಪ್ರತಿ ವರ್ಷ ಶೇ 7ರಷ್ಟು ಕುಗ್ಗಿತು. ಅಷ್ಟು ತಿಳಿದಿರಲಿ. 2013ರ ಕಾನೂನಿನ ಪ್ರಕಾರ ಮಾರ್ಷಲ್ ಲಾ ದೌರ್ಜನ್ಯಕ್ಕೆ ಪರಿಹಾರ ಪಡೆದವರು 11,103 ಜನ. ಆ ದುಡ್ಡು ಬಂದದ್ದು ಮಾರ್ಕೋಸ್‌ರ ಸ್ವಿಸ್ ಖಾತೆಯಿಂದ. ಟಿಕ್‌ಟಾಕ್‌ನಲ್ಲಿ ಇದು ಬರುವುದಿಲ್ಲ.

ಟ್ಯಾಕ್ಸಿಯವನ ಕರೆಂಟ್ ದೂರು ಮಾತ್ರ ನಿಜ. ಮಾರ್ಕೋಸ್ ಬಟಾನ್ ಪ್ರಾಂತ್ಯದಲ್ಲಿ 2 ಶತಕೋಟಿ ಡಾಲರ್‌ಗೂ ಜಾಸ್ತಿ ಸುರಿದು ಅಣು ಸ್ಥಾವರ ಕಟ್ಟಿಸಿದ್ದರು. ಲಂಚದ ಆರೋಪ, ಸುರಕ್ಷತೆಯ ಅನುಮಾನ ಎರಡೂ ಇದ್ದವು. 1986ರಲ್ಲಿ ಚೆರ್ನೋಬಿಲ್ ಆಯಿತು. ಕೋರಿ ಸರ್ಕಾರ ಬೀಗ ಹಾಕಿತು. ಒಂದು ಯೂನಿಟ್ ವಿದ್ಯುತ್ ಕೊಡದ ಸ್ಥಾವರದ ಸಾಲವನ್ನು ಆ ದೇಶ 2007ರವರೆಗೆ ತೀರಿಸಿತು. ಮುಚ್ಚಿದ್ದು ತಪ್ಪಲ್ಲ ಅಂತ ನನಗನ್ನಿಸುತ್ತದೆ. ಬದಲಿಗೆ ಬೇರೆ ಸ್ಥಾವರ ಕಟ್ಟದೆ ಕೂತದ್ದು ದೊಡ್ಡ ತಪ್ಪು. ಅವರು ಇಳಿಯುವ ಹೊತ್ತಿಗೆ ದೇಶ ಕತ್ತಲಲ್ಲಿತ್ತು. ಜೊತೆಗೆ 1990ರಲ್ಲಿ ಭೂಕಂಪ, 1991ರಲ್ಲಿ ಪಿನಾಟುಬೊ ಜ್ವಾಲಾಮುಖಿ. ಹಣೆಬರಹವೂ ಚೆನ್ನಾಗಿರಲಿಲ್ಲ.

ಗಂಡನ ಕೊಲೆಯ ಕೇಸು ಮತ್ತೆ ನಡೆದು 1990ರಲ್ಲಿ 16 ಸೈನಿಕರಿಗೆ ಶಿಕ್ಷೆಯಾಯಿತು. ಮಾಡಿಸಿದವರು ಯಾರು ಅಂತ ಹೊರಗೆ ಬರಲೇ ಇಲ್ಲ. ದೇಶದ ಅಧ್ಯಕ್ಷೆಯಾಗಿದ್ದೂ ತನ್ನ ಗಂಡನನ್ನು ಕೊಲ್ಲಿಸಿದ್ದು ಯಾರು ಅಂತ ಗೊತ್ತಾಗದೆ ಆರು ವರ್ಷ ಆ ಕುರ್ಚಿಯಲ್ಲಿ ಕೂತರು.

1992ರಲ್ಲಿ ಇನ್ನೊಮ್ಮೆ ನಿಲ್ಲಿ ಅಂತ ಒತ್ತಾಯ ಬಂತು. ಒಂದೇ ಅವಧಿ ಅನ್ನುವ ನಿಯಮ ನಿಮಗೆ ಅನ್ವಯಿಸುವುದಿಲ್ಲ, ನೀವು ಅದಕ್ಕಿಂತ ಮುಂಚೆ ಆರಿಸಿ ಬಂದವರು ಅಂತ ಕೆಲವರ ವಾದ. ಅವರು ನಿಲ್ಲಲಿಲ್ಲ. ಜೂನ್ 30ಕ್ಕೆ ಹೊಸ ಅಧ್ಯಕ್ಷ ರಾಮೋಸ್ ಪ್ರಮಾಣವಚನ ಮುಗಿದ ಮೇಲೆ ಕೋರಿ ಸರ್ಕಾರಿ ಬೆಂಜ್ ಬಿಟ್ಟು, ತಾವೇ ಕೊಂಡ ಬಿಳಿ ಟೊಯೊಟಾ ಹತ್ತಿ ಮನೆಗೆ ಹೋದರು. ಅಂದಹಾಗೆ, ಹೆಗ್ಗೋಡಿನ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದ 1991ರಲ್ಲಿ ಅಲ್ಲಿನ ಅಧ್ಯಕ್ಷೆ ಇವರೇ. ಅದೇ ಪ್ರಶಸ್ತಿ 1998ರಲ್ಲಿ ಕೋರಿಗೂ ಬಂತು. ಸುಬ್ಬಣ್ಣನವರು ನಮ್ಮ ಕಡೆಯವರಾದ ಕಾರಣ ಹೇಳದೆ ಇರಲು ಆಗಲಿಲ್ಲ.

ಮಂಡ್ಯ_ಟು_ಮನಿಲಾ:

ಎಲ್ಲರಿಗೂ ಧನ್ಯವಾದ. ಇವತ್ತು ಆ ಸಹೋದ್ಯೋಗಿಗೆ ಲುಯಿಸಿಟಾ ಬಗ್ಗೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ನಾವು ರಸ್ತೆಗೆ ಹೋದದ್ದು ಅವರಿಗೋಸ್ಕರ ಅಲ್ಲ, ನಮಗೋಸ್ಕರ ಅಂದರು. ಅವರ ಅಮ್ಮ ಅವತ್ತು ಸೈನಿಕರಿಗೆ ಕೊಡಲು ಅಂತ ಬ್ರೆಡ್ ಕಟ್ಟಿಕೊಂಡು ಹೋಗಿದ್ದರಂತೆ. ಟ್ಯಾಂಕ್ ಮೇಲಿದ್ದ ಹುಡುಗ ಮೊದಲು ಬೇಡ ಅಂದು, ಆಮೇಲೆ ಹಸಿವು ತಾಳದೆ ಇಸಿದುಕೊಂಡನಂತೆ.

ಇನ್ನೊಂದು ಪ್ರಶ್ನೆ. ಫೆಬ್ರುವರಿ 25ಕ್ಕೆ ಇಲ್ಲಿ ರಜೆ ಇದೆಯಾ? ಎಚ್‌ಆರ್ ಕೇಳಿದರೆ ನೋಡಿ ಹೇಳುತ್ತೇವೆ ಅಂತಿದ್ದಾರೆ.

ಕೋರ್ಟ್_ಹಾಲ್_6:

ಹಿಂದೆ ಇರುತ್ತಿತ್ತು. ಮಗ ಮಾರ್ಕೋಸ್ ಸರ್ಕಾರ 2025ರಲ್ಲಿ ಅದನ್ನು 'ವಿಶೇಷ ಕೆಲಸದ ದಿನ' ಮಾಡಿತು. ಕೆಲವು ಶಾಲೆ ಕಾಲೇಜುಗಳು ತಾವಾಗಿಯೇ ಬಾಗಿಲು ಹಾಕಿದವು. ನಿಮ್ಮ ಆಫೀಸಿನದು ಆ ಸಹೋದ್ಯೋಗಿಯನ್ನೇ ಕೇಳಿ, ಅವರು ಅವತ್ತು ಖಂಡಿತ ರಜೆ ಹಾಕಿರುತ್ತಾರೆ.